ಸೂಕ್ಷ್ಮಕಣದ ಗೊಬ್ಬರವೂ ಆಕಾರಪರೀಕ್ಷೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಾಟೀಲರೂ ಜಮೀನುದಾರರೂ 2021ರಿಂದ ಮಾರಾಟಕ್ಕೆ ಬಂದಿರುವ ನ್ಯಾನೋ ಯೂರಿಯಾದ ಹೆಸರನ್ನು ಕೇಳಿಯೇ ಇರುವರು. ಅದರ ಕಣಗಳ ಗಾತ್ರವು 20ರಿಂದ 50 ನ್ಯಾನೋಮೀಟರು ಎಂದು ಹೇಳಲ್ಪಟ್ಟಿದೆ. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರುಗಳಿರುತ್ತವೆ. ಇಂಥ ಸೂಕ್ಷ್ಮಕಣದ ರೂಪವು ಬೆಳಕಿನ ಸೂಕ್ಷ್ಮದರ್ಶಕಕ್ಕೆ ನಿಲುಕದು. 1931ರಲ್ಲಿ ಜರ್ಮನಿಯ ನೋಲ್ ಮತ್ತು ರುಸ್ಕಾ ಎಂಬವರು ಮೊದಲು ತೋರಿಸಿಕೊಟ್ಟ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅದರ ಒಂದೇ ಚಿತ್ರವು ಗೋಡೆಯ ಮೇಲಿನ ನೆರಳಿನಂತಿರುತ್ತದೆ. ದುಂಡು ನೆರಳು ಬಿಲ್ಲೆಯದೋ ಗುಂಡಿನದೋ ತಿಳಿಯದು. ಆದುದರಿಂದ ಕಣವನ್ನು ಸ್ವಲ್ಪಸ್ವಲ್ಪವಾಗಿ ಓರೆಮಾಡುತ್ತ ಅನೇಕ ಚಿತ್ರಗಳನ್ನು ತೆಗೆದು, ಗಣಕಯಂತ್ರದಿಂದ ಜೋಡಿಸಿ, ಉದ್ದ ಅಗಲ ಎತ್ತರಗಳುಳ್ಳ ಆಕಾರವನ್ನು ಪಡೆಯುವರು. ಆದರೆ ಚಿತ್ರವು ಕಣದ ರೂಪವನ್ನು ಹೇಳುವದಲ್ಲದೆ ಇಳುವರಿಯನ್ನು ಹೇಳದು. ಕಬ್ಬಿನ ಒಂದೆರಡು ಗುಂಟೆಯಲ್ಲಿ ಇದನ್ನು ಸಿಂಪಡಿಸಿ, ಪಕ್ಕದ ಅಷ್ಟೇ ನೆಲಕ್ಕೆ ವಾಡಿಕೆಯ ಯೂರಿಯಾ ಹಾಕಿ, ಎರಡರ ಬೆಳೆಯನ್ನೂ ತೂಗಿ ನೋಡಿದ ಹೊರತು ಚೀಲದ ಗೊಬ್ಬರವನ್ನು ಬಿಡತಕ್ಕದ್ದಲ್ಲ.