ವಕೀಲರಿಲ್ಲದಿದ್ದರೂ ಕೌಟುಂಬಿಕ ನ್ಯಾಯಾಲಯದ ಬಾಗಿಲು ತೆರೆದಿದೆ

‘ವಕೀಲರಿಗೆ ಕೊಡ್ಲಿಕ್ಕೆ ದುಡ್ಡು ಎಲ್ಲಿದೆ ಉಸ್ತಾದ್?’ ಮಕ್ಕಳೊಂದಿಗೆ ತವರಿಗೆ ಬಂದು ಕೂತ ಹೆಣ್ಣುಮಕ್ಕಳ ಉಮ್ಮಂದಿರು ಕೇಳುವ ಮೊದಲ ಪ್ರಶ್ನೆ ಇದು. ಈ ಒಂದು ಭಯದಿಂದ ಎಷ್ಟೋ ಮಂದಿ ವರ್ಷಗಟ್ಟಲೆ ಸುಮ್ಮನಿರುತ್ತಾರೆ.

ನಮ್ಮ ದೀನಿನಲ್ಲಿ ಮೊದಲ ದಾರಿ ಸಂಧಾನ. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರು ಕೂತು ಮಾತಾಡಬೇಕೆಂದು ಸೂರಃ ಅನ್ನಿಸಾಅ್ ಕಲಿಸುತ್ತದೆ. ಜಮಾಅತ್‌ನಲ್ಲಿ ಮುಗಿದರೆ ಅಲ್‌ಹಮ್ದುಲಿಲ್ಲಾಹ್. ಆದರೆ ಒಪ್ಪಿದ ಖರ್ಚು ಗಂಡ ಕೊಡದಿದ್ದರೆ ಅದನ್ನು ವಸೂಲಿ ಮಾಡುವ ಅಧಿಕಾರ ಜಮಾಅತ್‌ಗೆ ಇಲ್ಲ, ಕೋರ್ಟಿಗೆ ಇದೆ.

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 13ನೇ ಕಲಂ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಧೀಶರ ಅನುಮತಿ ಬೇಕು. ಅಂದರೆ ಕಾಯ್ದೆ ಮಾಡಿದವರ ಮನಸ್ಸಲ್ಲಿ ಇದ್ದದ್ದು ಗಂಡ ಹೆಂಡತಿ ತಾವೇ ನಿಂತು ಮಾತಾಡುವ ಕೋರ್ಟು. ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಊರವರ ಎದುರು ಹೇಳಲು ನಾಚಿಕೆಯಾದರೆ, ಮುಚ್ಚಿದ ಬಾಗಿಲಲ್ಲಿ ವಿಚಾರಣೆ ನಡೆಸಿ ಎಂದು ಕೇಳಬಹುದು.

ಹಾಗಾದರೆ ದಾರಿಗಳೇನು?

ಒಂದು, ಸ್ವತಃ ವಾದಿಸುವುದು. ಜೀವನಾಂಶದಂಥ ನೇರ ವಿಷಯಕ್ಕೆ ಇದು ಸಾಧ್ಯ. ನಿಕಾಹ್ ಪ್ರಮಾಣಪತ್ರ, ಆಧಾರ್, ಮಕ್ಕಳ ಜನನ ಪತ್ರ, ಗಂಡನ ದುಡಿಮೆಯ ಬಗ್ಗೆ ಸಿಕ್ಕ ದಾಖಲೆ ಜೋಡಿಸಿಡಿ. ಎರಡೂ ಕಡೆಯವರು ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲಿ ಸುಳ್ಳು ಬರೆಯಬೇಡಿ.

ಎರಡು, ಸರಕಾರಿ ಉಚಿತ ವಕೀಲರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಈ ನೆರವು ಸಿಗುತ್ತದೆ. ಗಂಡಸರಿಗೆ ಆದಾಯ ಮಿತಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲೂಕು ಸಮಿತಿಯಲ್ಲಿ ಅರ್ಜಿ ಕೊಡಿ. ಸಹಾಯವಾಣಿ 15100. ಮಕ್ಕಳ ವಶ, ಆಸ್ತಿ, ತಲಾಖ್ ಸಿಂಧುವೋ ಅಲ್ಲವೋ ಎಂಬ ತೊಡಕಿದ್ದರೆ ಒಬ್ಬರೇ ಹೋಗುವ ಬದಲು ಈ ದಾರಿಯೇ ಒಳ್ಳೆಯದು.

ಮೂರು, ಅಗತ್ಯ ಕಂಡರೆ ನ್ಯಾಯಾಧೀಶರೇ ಕಾನೂನು ಬಲ್ಲವರೊಬ್ಬರನ್ನು ಕೋರ್ಟಿನ ಸಹಾಯಕ್ಕೆ ಕರೆಯಬಹುದು. ಅವರನ್ನು ಅಮಿಕಸ್ ಕ್ಯೂರಿ ಎನ್ನುತ್ತಾರೆ. ಅವರು ನಿಮ್ಮ ವಕೀಲರಲ್ಲ, ಕೋರ್ಟಿಗೆ ನೆರವಾಗುವವರು.

ಕಾಕನೋ ಅಣ್ಣನೋ ಜೊತೆಗೆ ಬರಲಿ, ಧೈರ್ಯ ಬರುತ್ತದೆ. ಆದರೆ ನಿಮಗೆ ಮಾತ್ರ ಗೊತ್ತಿರುವುದನ್ನು ಅವರು ಸಾಕ್ಷಿ ಹೇಳಲಾಗದು. ಓದಿ ಅರ್ಥವಾಗದ ಕಾಗದಕ್ಕೆ, ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ರಾಜಿ ಪತ್ರವಾದರೂ ಅಷ್ಟೇ.

ತಡ ಮಾಡುವುದರಲ್ಲೇ ನಷ್ಟ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸುಮ್ಮನೆ ಕೂತ ತಿಂಗಳುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ತಲಾಖ್ ಆದ ಮುಸ್ಲಿಂ ಮಹಿಳೆಯೂ ಎಲ್ಲರಿಗಿರುವ ಜೀವನಾಂಶ ಕಾನೂನಿನಡಿ ಕೇಳಬಹುದೆಂದು 2024ರ ಜುಲೈಯಲ್ಲಿ ಅದೇ ಕೋರ್ಟ್ ಸ್ಪಷ್ಟಪಡಿಸಿದೆ.

‘ಹೆಣ್ಣು ಕೋರ್ಟಿಗೆ ಹೋದರೆ ಮಾನ ಹೋಗ್ತದೆ’ ಎನ್ನುವವರು ಖೌಲಾ (ರ) ಅವರನ್ನು ನೆನಪಿಸಿಕೊಳ್ಳಲಿ. ಗಂಡನ ಅನ್ಯಾಯದ ಬಗ್ಗೆ ಪ್ರವಾದಿ (ಸ) ಅವರ ಮುಂದೆ ಅವರು ತಾವೇ ನಿಂತು ವಾದಿಸಿದರು. ಅಲ್ಲಾಹನು ಆ ಮಾತನ್ನು ಕೇಳಿದನು, ಸೂರಃ ಅಲ್ ಮುಜಾದಲಃ ಅವತೀರ್ಣವಾಯಿತು. ಹಕ್ಕು ಕೇಳುವುದು ಜಗಳವಲ್ಲ.