ದನಿಯೊಡನೆ ಹೆಸರೂ ಉಳಿಯಲಿ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮ ಹಿರಿಯರ ಗಾದೆ. ಧ್ವನಿಮುದ್ರಣ ಬಂದಮೇಲೆ ಆಡಿದ ಮಾತೂ ಉಳಿಯುವಂತಾಯಿತು. ಆದರೆ ಆ ದನಿ ಯಾರದೆಂಬುದು ತಿಳಿಯದೆ ಹೋದರೆ ಅದು ಅರ್ಧ ಉಳಿದಂತೆಯೇ ಸರಿ. ನಮ್ಮ ನಾಡಿನ ಹೆಂಗಸರ ಹಳೆಯ ಧ್ವನಿಮುದ್ರಣಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಗಂಗೂಬಾಯಿ ಹಾನಗಲ್ (1913–2009) ಅವರ ಗಂಭೀರ ಕಂಠವನ್ನು ಕೇಳದವರಾರು? ಆದರೆ 1930ರ ದಶಕದ ಅವರ ಗ್ರಾಮಫೋನ್ ತಟ್ಟೆಗಳಲ್ಲಿರುವುದು ತೆಳುವಾದ, ಏರುದನಿ. ತಟ್ಟೆಯ ಮೇಲಿದ್ದ ಹೆಸರು ‘ಗಾಂಧಾರಿ’. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಅವರ ದನಿಯೇ ಬದಲಾಯಿತು. ಈ ಸಂಗತಿಯನ್ನು ಬಲ್ಲವರು ಬರೆದಿಡದೆ ಹೋಗಿದ್ದರೆ, ಇವರು ಇಬ್ಬರು ಬೇರೆ ಬೇರೆ ಗಾಯಕಿಯರೆಂದೇ ನಾವು ನಂಬುತ್ತಿದ್ದೆವು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಅಂತೂ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿನವರಿಗೆ ಗುರುತು ಸಿಗಬೇಕಲ್ಲ! ಅವರು 1930ರಲ್ಲಿ ಮೈಸೂರಿನಲ್ಲಿ ಕಾಲವಾದರು. ಹೆಸರು ಮಾತ್ರ ಇಂದಿಗೂ ಅವರ ದನಿಯಲ್ಲಿಯೇ ಕೇಳಿಸುತ್ತದೆ.

ಇನ್ನು ರೇಡಿಯೋ. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಬೆಂಗಳೂರಿನ ನಿಲಯ ಶುರುವಾದುದು 1955ರ ನವೆಂಬರಿನಲ್ಲಿ. ಮೊದಮೊದಲು ಕಾರ್ಯಕ್ರಮಗಳು ಬಹುಪಾಲು ನೇರ ಪ್ರಸಾರವಾಗುತ್ತಿದ್ದುವು. ಹಾಡಿದ್ದು ಗಾಳಿಗೆ ಸಂದಿತು. ಟೇಪು ಬಂದಮೇಲೂ ಅದು ದುಬಾರಿಯ ವಸ್ತು. ಒಂದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುವ ರೂಢಿ ರೇಡಿಯೋ ಲೋಕದಲ್ಲೆಲ್ಲ ಇತ್ತು. ಸಾಮೂಹಿಕ ಗಾಯನವಾದರೆ ‘ಇಂಥವರು ಮತ್ತು ಸಂಗಡಿಗರು’ ಎಂದರೆ ಮುಗಿಯಿತು. ಆ ಸಂಗಡಿಗರು ಯಾರು?

ಉಳಿದ ಟೇಪಿಗೂ ಆಯುಸ್ಸು ಮಿತವಾದುದೇ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಅಂಟಿಸಿರುತ್ತಾರೆ. ತೇವ ತಗುಲಿದರೆ ಅಂಟು ಸಡಿಲಿ ಪುಡಿ ಉದುರುತ್ತದೆ. ಪುಡಿಯೊಡನೆ ದನಿಯೂ ಹೋಗುತ್ತದೆ. ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಆದುದರಿಂದ ಡಿಜಿಟಲ್ ಪ್ರತಿ ತೆಗೆದು, ಬೇರೆ ಬೇರೆ ಕಡೆ ಇಡುವುದೇ ಮಾರ್ಗ. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ತಟ್ಟೆಗಳಿಗೆ ಈ ಉಪಕಾರ ಮಾಡಿದೆ.

ಆದರೆ ಯಂತ್ರಕ್ಕೆ ಹೆಸರು ತಿಳಿಯದು. ಬನಶಂಕರಿಯ ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ಟಿದೆ. ಅದರ ಮೇಲೆ ‘ರೇಡಿಯೋ, ಹಾಡು’ ಎಂದಷ್ಟೇ ಬರೆದಿದೆ. ನಮ್ಮಜ್ಜಿಯನ್ನು ಕೇಳಿದಾಗ, ಹಾಡುತ್ತಿರುವ ನಾಲ್ವರಲ್ಲಿ ಮೂವರನ್ನು ದನಿಯಿಂದಲೇ ಗುರುತಿಸಿದರು. ನಾಲ್ಕನೆಯವರ ಹೆಸರು ಅವರಿಗೂ ನೆನಪಿಗೆ ಬರಲಿಲ್ಲ. ಮೂರು ಹೆಸರುಗಳನ್ನು ಬರೆದಿಟ್ಟೆ. ನಾಲ್ಕನೆಯ ಸಾಲು ಖಾಲಿಯಾಗಿದೆ.

ಜಯನಗರ, ಬನಶಂಕರಿಗಳಲ್ಲಿ ಹಳೆಯ ಮನೆಗಳನ್ನು ಕೆಡವುವಾಗ ಇಂಥ ಪೆಟ್ಟಿಗೆಗಳು ಗುಜರಿಗೆ ಹೋಗುತ್ತವೆ. ಮಿತ್ರರೇ, ಈ ರಜೆಯಲ್ಲಿ ಮನೆಯ ಅಟ್ಟವನ್ನೊಮ್ಮೆ ನೋಡಿರಿ. ಸಿಕ್ಕ ಕ್ಯಾಸೆಟ್ಟನ್ನು ಹಿರಿಯರ ಮುಂದೆ ನುಡಿಸಿ, ಯಾರು, ಯಾವ ಊರು, ಯಾವ ವರ್ಷ ಎಂದು ಬರೆದುಕೊಳ್ಳಿರಿ. ಪ್ರತಿ ತೆಗೆಯುವ ಕೆಲಸ ನಾಳೆಯೂ ಆದೀತು; ಹೆಸರು ಬಲ್ಲವರು ನಾಳೆಗೆ ಇರುತ್ತಾರೆಂಬ ಭರವಸೆಯಿಲ್ಲ.