ತಾಯಿ-ಮಗುವಿಗೆ ಔಷಧ: ಹಂತ ನೋಡಿ, ತೂಕ ನೋಡಿ

ನಾಟಿಯಾದ 20-25 ದಿನಗಳಲ್ಲಿ ಭತ್ತದ ಗದ್ದೆಗೆ 2,4-ಡಿ ಸಿಂಪಡಿಸಿದರೆ ಅಗಲ ಎಲೆಯ ಕಳೆ ಸಾಯುತ್ತದೆ, ಪೈರಿಗೆ ತೊಂದರೆಯಿಲ್ಲ. ಅದನ್ನೇ ತೆನೆ ಮೂಡುವ ಹಂತದಲ್ಲಿ ಸಿಂಪಡಿಸಿದರೆ ಕಾಳು ಜೊಳ್ಳಾಗುತ್ತದೆ. ಔಷಧ ಅದೇ, ಪೈರಿನ ಹಂತ ಬೇರೆ. ರೈತ ಬಾಂಧವರಿಗೆ ಇದು ಹೊಸ ಮಾತಲ್ಲ. ಆದರೆ ಬಸುರಿಗೆ ಸೊಂಟನೋವು, ಕೂಸಿಗೆ ಜ್ವರ ಬಂದಾಗ ಹಿಂದೆ ಉಳಿದ ಗುಳಿಗೆಯನ್ನೋ ನೆರೆಮನೆಯ ಸಿರಪ್ಪನ್ನೋ ಕೊಡುವಾಗ ಈ ನಿಯಮ ಮರೆತುಹೋಗುತ್ತದೆ. ಔಷಧ ಬರೆದುಕೊಡುವುದು ವೈದ್ಯರ ಕೆಲಸ. ಅವರಿಗೆ ಸರಿಯಾದ ವಿವರ ಹೇಳುವುದು, ಕೊಟ್ಟದ್ದನ್ನು ಸರಿಯಾಗಿ ಅಳೆದು ಕೊಡುವುದು ಮನೆಯವರ ಕೆಲಸ.

ಬಸುರಿನಲ್ಲಿ

ಗರ್ಭ ನಿಂತ ಮೇಲೆ 3ರಿಂದ 8ನೇ ವಾರದೊಳಗೆ ಮಗುವಿನ ಹೃದಯ, ಕೈಕಾಲು ಮುಂತಾದ ಅಂಗಗಳು ರೂಪುಗೊಳ್ಳುತ್ತವೆ. ಎಷ್ಟೋ ಸಾರಿ ಆಗಿನ್ನೂ ಬಸುರು ಖಚಿತವಾಗಿರುವುದಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ನಿದ್ರೆ ಗುಳಿಗೆಯನ್ನು ಬಸುರಿಯರು ವಾಕರಿಕೆಗೂ ನುಂಗಿದರು. ಅದರಿಂದ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಮೊಟಕು ಕೈಕಾಲುಗಳೊಡನೆ ಹುಟ್ಟಿದರು. 1961ರ ಕೊನೆಯಲ್ಲಿ ಜರ್ಮನಿಯಲ್ಲಿ ಅದರ ಮಾರಾಟ ನಿಂತಿತು. ತಾಯಂದಿರಿಗೆ ಆ ಗುಳಿಗೆಯಿಂದ ಇಂಥ ಕೇಡು ತಗುಲಿರಲಿಲ್ಲ. ಆದುದರಿಂದ ಮುಟ್ಟು ತಡವಾದ ಹೆಂಗಸು ಯಾವ ಔಷಧ ಕೊಳ್ಳುವಾಗಲೂ ಆ ಸಂಗತಿಯನ್ನು ಮೊದಲು ಹೇಳಬೇಕು.

ಮುಂದಿನ ತಿಂಗಳುಗಳಲ್ಲೂ ಎಚ್ಚರ ಬೇಕು. ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೇನ್, ಡೈಕ್ಲೊಫೆನಾಕ್ ಗುಳಿಗೆಗಳನ್ನು 20 ವಾರ ದಾಟಿದ ಮೇಲೆ ತಾವಾಗಿ ನುಂಗಕೂಡದು. ಇವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಲ್ಲವು. ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿಗೆ ಶಾಶ್ವತವಾಗಿ ಕಲೆ ಹಿಡಿಸುತ್ತದೆ.

ಬೇಕಾದ ಔಷಧವನ್ನು ಹೆದರಿ ಬಿಡುವುದೂ ಅಷ್ಟೇ ಅಪಾಯ. ಮೂರ್ಛೆರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್ ಗರ್ಭಕ್ಕೆ ಹಾನಿಕರ. ಬಸುರಾಗುವ ಮೊದಲೇ ವೈದ್ಯರನ್ನು ಕಂಡು ಔಷಧ ಬದಲಿಸಿಕೊಳ್ಳುವುದು ಲೇಸು. ಸರ್ಕಾರ ಕೊಡುವ, 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವ ಗುಳಿಗೆಯನ್ನು 4ನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ತಪ್ಪದೆ ನುಂಗಬೇಕು. ಚಹಾ ಅಥವಾ ಸುಣ್ಣದಂಶದ ಗುಳಿಗೆಯ ಜೊತೆಗೆ ಬೇಡ. ಕಬ್ಬಿಣ ಮೈಗೆ ಹತ್ತುವುದಿಲ್ಲ.

ಹಾಲೂಡಿಸುವಾಗ

ಔಷಧ ತೆಗೆದುಕೊಳ್ಳುತ್ತಿದ್ದಾಳೆಂದು ಬಾಣಂತಿಗೆ ಹಾಲು ಬಿಡಿಸುವ ರೂಢಿ ಹಲವೆಡೆ ಇದೆ. ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಹೆಚ್ಚಿನ ಔಷಧಗಳು ಹಾಲಿಗೆ ಅಲ್ಪ ಪ್ರಮಾಣದಲ್ಲಿ ಮಾತ್ರ ಇಳಿಯುತ್ತವೆ. ಪ್ಯಾರಾಸಿಟಮಾಲ್, ಅಮಾಕ್ಸಿಸಿಲಿನ್ ಇದಕ್ಕೆ ಉದಾಹರಣೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಮಾತ್ರ ಬೇಡ. ಅದು ಕೂಸಿನ ಉಸಿರಾಟವನ್ನು ಕುಗ್ಗಿಸಬಹುದು. ತಾಯಿ ಔಷಧ ತೆಗೆದುಕೊಂಡ ಮೇಲೆ ಕೂಸು ಮಂಕಾಗಿ ಹಾಲು ಬಿಟ್ಟರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಕೂಸು ಮತ್ತು ಮಕ್ಕಳಿಗೆ

ದೊಡ್ಡವರ ಗುಳಿಗೆಯನ್ನು ಕಣ್ಣಂದಾಜಿನಲ್ಲಿ ಮುರಿದು ಕೊಡುವುದು ಸಲ್ಲದು. ಎಕರೆ ಲೆಕ್ಕ ತಿಳಿಯದೆ ಗೊಬ್ಬರ ಹಾಕಬಾರದು. ಹಾಗೆಯೇ ತೂಕ ತಿಳಿಯದೆ ಮಗುವಿಗೆ ಔಷಧ ಕೊಡಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಪ್ರಮಾಣ ಒಂದು ಸಾರಿಗೆ ಕಿಲೋ ತೂಕಕ್ಕೆ 10-15 ಮಿ.ಗ್ರಾಂ. 8 ಕಿಲೋ ಮಗುವಿಗೆ ಹೆಚ್ಚೆಂದರೆ 120 ಮಿ.ಗ್ರಾಂ. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವ ಸಿರಪ್ ಆದರೆ ಇದು 5 ಮಿ.ಲೀ.ಗಿಂತ ತುಸು ಕಡಿಮೆ. ಆದರೆ ಹನಿ ಔಷಧದ 1 ಮಿ.ಲೀ.ನಲ್ಲೇ 100 ಮಿ.ಗ್ರಾಂ ಇರುವುದುಂಟು. ಸಿರಪ್ ಎಂದು ತಿಳಿದು ಅದನ್ನು 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ ಹೊಟ್ಟೆ ಸೇರುತ್ತದೆ. ಇದು ಪ್ರಮಾಣದ ನಾಲ್ಕು ಪಟ್ಟು. ಹೀಗೆ ಮತ್ತೆ ಮತ್ತೆ ಕೊಟ್ಟರೆ ಯಕೃತ್ತು ಕೆಡುತ್ತದೆ. 6 ಗಂಟೆಗೊಮ್ಮೆ, ದಿನಕ್ಕೆ 4 ಸಾರಿ ಮೀರಬಾರದು. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ನೇರ ಆಸ್ಪತ್ರೆಗೆ ಒಯ್ಯಬೇಕು.

ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಕೂಡದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಬೇಡವೆಂದು ಆಗ ಕೇಂದ್ರ ಆರೋಗ್ಯ ಇಲಾಖೆ ತಿಳಿಸಿತು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದೂ ಬೇಡ. ಭೇದಿಯಾದರೆ ಓ.ಆರ್.ಎಸ್. ಮತ್ತು ಸತುವಿನ ಗುಳಿಗೆ ಮುಖ್ಯ; ಭೇದಿ ಕಟ್ಟಿಸುವ ಗುಳಿಗೆ ಕೊಡಬಾರದು.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

1. ವೈದ್ಯರಲ್ಲಿಗೆ ಹೋಗುವಾಗ ತಾಯಿ ಕಾರ್ಡ್ ಒಯ್ಯಿರಿ. ಬಸುರಿನ ತಿಂಗಳು, ಕೂಸಿನ ವಯಸ್ಸು, ಈಗ ನುಂಗುತ್ತಿರುವ ಗುಳಿಗೆಗಳನ್ನು ತಿಳಿಸಿರಿ.

2. ಅಂಗನವಾಡಿಯಲ್ಲಿ ಮಗುವನ್ನು ತೂಗಿಸಿ, ತೂಕ ಬರೆದಿಟ್ಟುಕೊಳ್ಳಿರಿ.

3. ಸಿರಪ್ಪನ್ನು ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಬಾಟಲಿಯೊಡನೆ ಬಂದ ಮಿ.ಲೀ. ಗುರುತಿನ ಮುಚ್ಚಳ ಅಥವಾ ಪಿಚಕಾರಿ ಬಳಸಿರಿ. ಕೀಟನಾಶಕ ಅಳೆದ ಮುಚ್ಚಳವನ್ನು ತೊಳೆದ ಮೇಲೂ ಬಳಸಕೂಡದು.

4. ದನಕರುಗಳ ಔಷಧ, ಕೀಟನಾಶಕ, ಮನೆಯವರ ಔಷಧ ಒಂದೇ ಗೂಡಿನಲ್ಲಿರಬಾರದು. ಎಲ್ಲವೂ ಮಕ್ಕಳ ಕೈಗೆ ಸಿಗದಂತಿರಲಿ.

5. ಅವಧಿ ಮೀರಿದ, ಚೀಟಿ ಹರಿದ ಬಾಟಲಿಯನ್ನು ಇಟ್ಟುಕೊಳ್ಳಬೇಡಿ.

ಬಿತ್ತುವ ಮುನ್ನ ಬೀಜದ ಚೀಲದ ಚೀಟಿ ಓದುವ ರೈತರು ಔಷಧದ ಬಾಟಲಿಯ ಚೀಟಿಯನ್ನೂ ಓದಲಿ. ತಾಯಿ-ಮಗುವಿನ ವಿಷಯದಲ್ಲಿ ಸಂಶಯ ಬಂದರೆ ಔಷಧ ಕೊಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿರಿ.